ಹಳೆಯ ಕಾರಿನ ಮಿಸ್ಸಿಂಗ್: ಬಿಡಿಭಾಗ ಕೊಳ್ಳುವ ಮೊದಲು ಸಿಲಿಂಡರ್ ಹುಡುಕಿ

ಹುಬ್ಬಳ್ಳಿಯ ಹೊಸೂರು ವೃತ್ತದ ಸಿಗ್ನಲ್ಲಿನಲ್ಲಿ ಕಾರು ನಿಂತಿದೆ. ಸ್ಟೀರಿಂಗ್ ನಡುಗುತ್ತಿದೆ, ಕನ್ನಡಿಯಲ್ಲಿ ಕಾಣುವ ಹಿಂದಿನ ಬಸ್ಸು ಅದುರುತ್ತಿದೆ, ಸೈಲೆನ್ಸರಿನಿಂದ ತಾಳ ತಪ್ಪಿದ ಸದ್ದು ಬರುತ್ತಿದೆ. ಹಸಿರು ದೀಪ ಬಿದ್ದು ರೇಸ್ ಕೊಟ್ಟರೆ ಸರಿಹೋದಂತೆ ಅನ್ನಿಸುತ್ತದೆ. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಅದೇ. ಹದಿನೈದು-ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರು ಇಟ್ಟುಕೊಂಡವರು ಇದನ್ನು ಒಮ್ಮೆಯಾದರೂ ಅನುಭವಿಸಿರುತ್ತಾರೆ. ಗ್ಯಾರೇಜಿನಲ್ಲಿ ಇದಕ್ಕೆ ಇರುವ ಹೆಸರು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ತಪ್ಪುವುದು.

ಇಂಥ ಕಾರುಗಳ ಜೊತೆ ಬರುವ ಬಿಲ್ಲುಗಳನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಮೊದಲು ಪ್ಲಗ್, ಅದರಿಂದ ಆಗಲಿಲ್ಲವೆಂದು ಪ್ಲಗ್ ವೈರ್, ಆಮೇಲೆ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್, ಆಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಸರ್ವಿಸ್, ಕೊನೆಗೆ ‘ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೋಗಿರಬೇಕು’ ಎಂಬ ಮಾತು. ಕಾರಿನ ಮಾರುಕಟ್ಟೆ ಬೆಲೆಯ ಕಾಲುಭಾಗ ಖರ್ಚಾದರೂ ನಡುಕ ಹೋಗಿರುವುದಿಲ್ಲ. ಅಷ್ಟೂ ಸಾಮಾನು ಹಾಕಿದವರಲ್ಲಿ ಯಾರೂ ಒಂದು ಪ್ರಶ್ನೆಯನ್ನು ಕೇಳಿರುವುದಿಲ್ಲ: ತಪ್ಪುತ್ತಿರುವುದು ಯಾವ ಸಿಲಿಂಡರ್?

ಪೆಟ್ರೋಲ್ ಎಂಜಿನ್ ಉರಿಯಬೇಕಾದರೆ ಗಾಳಿ, ಪೆಟ್ರೋಲ್, ಕಿಡಿ, ಒತ್ತಡ ನಾಲ್ಕೂ ಬೇಕು, ಅವು ಸರಿಯಾದ ಗಳಿಗೆಗೆ ಕೂಡಿಬರಬೇಕು. ಇವುಗಳಲ್ಲಿ ಕೆಲವು ಎಲ್ಲ ಸಿಲಿಂಡರುಗಳ ಸಾಮಾನ್ಯ ಆಸ್ತಿ: ಟ್ಯಾಂಕಿನ ಪೆಟ್ರೋಲ್, ಪಂಪ್, ಫಿಲ್ಟರ್, ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಬಾಡಿ, ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್. ಕೆಲವು ಒಂದೊಂದು ಸಿಲಿಂಡರಿನ ಸ್ವಂತದ್ದು: ಪ್ಲಗ್, ಅದರ ವೈರ್, ಇಂಜೆಕ್ಟರ್, ವಾಲ್ವ್, ಪಿಸ್ಟನ್ ರಿಂಗ್. ಒಂದೇ ಸಿಲಿಂಡರ್ ತಪ್ಪುತ್ತಿದ್ದರೆ ಪೆಟ್ರೋಲ್ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಎಲ್ಲವೂ ಸರದಿಯಲ್ಲಿ ತಪ್ಪುತ್ತಿದ್ದರೆ ಒಂದು ಇಂಜೆಕ್ಟರನ್ನು ದೂರಿ ಫಲವಿಲ್ಲ. ಇಷ್ಟು ಗೊತ್ತಾದರೆ ಹುಡುಕಾಟದ ಅರ್ಧ ಮುಗಿದಂತೆ.

ನಡುಕ ಎಂಥದ್ದು, ಯಾವಾಗ ಬರುತ್ತದೆ

ಬಾನೆಟ್ ಎತ್ತುವ ಮೊದಲು ಕಾರಿನ ಮಾಲೀಕರ ಜೊತೆ ಕೂತು ಮಾತಾಡಬೇಕು. ಬೆಳಗ್ಗೆ ತಣ್ಣಗಿರುವಾಗ ಬರುತ್ತದೆಯೋ, ಕಾದ ಮೇಲೋ? ಮಳೆಯ ದಿನ ಮಾತ್ರವೋ? ನಿಂತಾಗ ಮಾತ್ರವೋ, ಏರು ಹತ್ತುವಾಗಲೂ ಇದೆಯೋ? ಎಸಿ ಹಾಕಿದಾಗ ಹೆಚ್ಚಾಗುತ್ತದೆಯೋ? ಈಚೆಗೆ ಏನಾದರೂ ಕೆಲಸ ಮಾಡಿಸಿದ್ದಾರೆಯೇ?

ಈ ಉತ್ತರಗಳು ದಾರಿ ತೋರಿಸುತ್ತವೆ. ನಿಂತಾಗ ನಡುಗಿ, ರೇಸ್ ಕೊಟ್ಟ ಕೂಡಲೇ ಸರಿಹೋದರೆ ಎಲ್ಲಿಂದಲೋ ಗಾಳಿ ಸೋರುತ್ತಿರುವ ಸಾಧ್ಯತೆ ಮೊದಲು, ಒತ್ತಡದ ದೋಷ ಆಮೇಲೆ. ನಿಂತಾಗ ಹೆಚ್ಚೇನೂ ಇಲ್ಲದೆ, ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಜಗ್ಗಿದರೆ ಕಿಡಿಯ ಮೇಲೆ ಅನುಮಾನ ಇಡಿ. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬಡಕಲಾದ ವೈರು ಅಲ್ಲಿ ಕೈಕೊಡುತ್ತದೆ. ತಣ್ಣಗಿದ್ದಾಗ ಸರಿಯಿದ್ದು ಕಾದ ಮೇಲೆ ಶುರುವಾದರೆ ಕಾಯಿಲ್ ಅಥವಾ ವಾಲ್ವ್ ಅಂತರ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಸಣ್ಣ ಸಂದು). ಬೆಳಗ್ಗೆ ಮೊದಲ ಒಂದೆರಡು ನಿಮಿಷ ಒಂದು ಸಿಲಿಂಡರ್ ಸತ್ತು, ಬಿಳಿ ಹೊಗೆ ಬಂದು, ಆಮೇಲೆ ಸರಿಹೋಗುತ್ತಿದ್ದರೆ ಮತ್ತು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಪರೀಕ್ಷಿಸಬೇಕು.

ನಡುಕದ ಲಯಕ್ಕೂ ಕಿವಿಗೊಡಿ. ನಿಮಿಷಕ್ಕೆ 850 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಸೆಕೆಂಡಿಗೆ ಸುಮಾರು ಏಳು ಸಲ ಉರಿಯಬೇಕು. ಒಂದು ಸಿಲಿಂಡರ್ ಪೂರ್ತಿ ಸತ್ತಿದ್ದರೆ, ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಪ್ರತಿ ಹೆಜ್ಜೆಗೂ ಕುಂಟಿದಂತೆ, ಬಿಡದೆ ಒಂದೇ ಲಯದಲ್ಲಿ ಹೊಡೆತ ಬೀಳುತ್ತದೆ. ಹೊಡೆತ ಆಗೊಮ್ಮೆ ಈಗೊಮ್ಮೆ, ಲೆಕ್ಕಕ್ಕೆ ಸಿಗದಂತೆ ಬಿದ್ದರೆ ಮಿಶ್ರಣ ತೆಳುವಾಗಿದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ) ಅಥವಾ ಎಲ್ಲ ಸಿಲಿಂಡರಿಗೂ ಸೇರಿದ ಯಾವುದೋ ದೋಷವಿದೆ. ಐಡ್ಲಿಂಗ್ (ರೇಸ್ ಕೊಡದಾಗಿನ ಎಂಜಿನ್ ವೇಗ) ಏರಿ ಇಳಿದು ಏರಿ ಇಳಿಯುತ್ತಿದ್ದರೆ ಅದು ಮಿಸ್ಸಿಂಗ್ ಅಲ್ಲ; ಕೊಳೆಯಾದ ಥ್ರಾಟಲ್ ಬಾಡಿ, ಐಡಲ್ ಕಂಟ್ರೋಲ್ ವಾಲ್ವ್ ಅಥವಾ ಗಾಳಿ ಸೋರಿಕೆ.

ಮಾರುತಿ 800ರಂಥ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಸರಿಯಿದ್ದಾಗಲೂ ನಿಂತಲ್ಲಿ ತುಸು ನಡುಗುತ್ತದೆ. ಅದನ್ನು ನಾಲ್ಕು ಸಿಲಿಂಡರಿನ ಕಾರಿನ ಪಕ್ಕ ನಿಲ್ಲಿಸಿ ಹೋಲಿಸಬೇಡಿ. ಎಂಜಿನ್ ಮೌಂಟಿಂಗಿನ ರಬ್ಬರ್ ಕುಸಿದರೂ ಒಳಗೆ ಕೂತವರಿಗೆ ಇದೇ ನಡುಕ. ಬೇರ್ಪಡಿಸುವುದು ಸುಲಭ: ಮೌಂಟಿಂಗ್ ದೋಷವಾದರೆ ಕಾರು ಅದುರಿದರೂ ಸೈಲೆನ್ಸರಿನ ಸದ್ದು ಸಮವಾಗಿರುತ್ತದೆ.

ಸೈಲೆನ್ಸರಿನ ಹಿಂದೆ ಒಂದು ಹಾಳೆ

ದಿನಪತ್ರಿಕೆಯ ಕಾಲು ಹಾಳೆ ತೆಗೆದುಕೊಂಡು ಸೈಲೆನ್ಸರಿನ ಬಾಯಿಗೆ ಒಂದೆರಡು ಬೆರಳು ದೂರದಲ್ಲಿ ಇಳಿಬಿಟ್ಟು ಹಿಡಿಯಿರಿ. ಎಂಜಿನ್ ಆರೋಗ್ಯವಾಗಿದ್ದರೆ ಹಾಳೆ ಒಂದೇ ಸಮ ಹೊರಕ್ಕೆ ತಳ್ಳಿಕೊಂಡು ನಿಲ್ಲುತ್ತದೆ. ಸಿಲಿಂಡರ್ ತಪ್ಪುತ್ತಿದ್ದರೆ ನಡುನಡುವೆ ಸಡಿಲಾಗುತ್ತದೆ. ಒಂದೇ ಲಯದಲ್ಲಿ ಹಾಳೆ ಒಳಕ್ಕೆ ಎಳೆದುಕೊಂಡು ಬಾಯಿಗೆ ಅಂಟುವಂತಾದರೆ ಎಗ್ಸಾಸ್ಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಎಂಬ ಬಲವಾದ ಸೂಚನೆ. ಸೈಲೆನ್ಸರಿನಲ್ಲಿ ತೂತಿದ್ದರೆ ಈ ಪರೀಕ್ಷೆಯನ್ನು ನಂಬಬೇಡಿ. ಖರ್ಚಿಲ್ಲದ, ನಿಮಿಷದೊಳಗೆ ಮುಗಿಯುವ ಇಂಥ ಪರೀಕ್ಷೆಯನ್ನು ಇಂದಿನ ಹುಡುಗರು ಮರೆಯುತ್ತಿರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಆಮೇಲೆ ಯಾವ ಸಿಲಿಂಡರ್ ಎಂಬುದು. ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ ಎಂಪಿಎಫ್‌ಐ ಎಂಜಿನ್ ಆದರೆ ಐಡ್ಲಿಂಗಿನಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಬಿಚ್ಚಿ ಮತ್ತೆ ಹಾಕಿ. ಕೆಲಸ ಮಾಡುತ್ತಿರುವ ಸಿಲಿಂಡರಿನದನ್ನು ಬಿಚ್ಚಿದರೆ ಎಂಜಿನ್ ಇನ್ನಷ್ಟು ಕುಸಿಯುತ್ತದೆ. ಯಾವುದನ್ನು ಬಿಚ್ಚಿದಾಗ ಏನೂ ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಹಳೆಯ ಪ್ಲಾಸ್ಟಿಕ್ ಲಾಕುಗಳು ಬಿಸಿಗೆ ಒಣಗಿ ಮುರಿಯುತ್ತವೆ. ಜಗ್ಗಾಡದೆ ಒತ್ತಿ ತೆಗೆಯಿರಿ.

ಕಾರ್ಬೊರೇಟರ್ ಕಾರಿನಲ್ಲಿ ಇಂಜೆಕ್ಟರ್ ಇಲ್ಲದ್ದರಿಂದ ಪ್ಲಗ್ ವೈರ್ ತೆಗೆದು ನೋಡಬೇಕಾಗುತ್ತದೆ. ಅಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಹರಿಯುತ್ತದೆ. ಎಂಜಿನ್ ನಿಲ್ಲಿಸಿ ಒಂದು ವೈರ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿಗೆ ಭದ್ರವಾಗಿ ತಾಗುವಂತೆ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ. ಎದೆಯೊಳಗೆ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರ ಬರಬಾರದು. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ವೈರ್ ತೆಗೆದು ಓಡಿಸಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದನ್ನು ಕರಗಿಸಿಬಿಡುತ್ತದೆ.

ಇನ್ನೊಂದು ಉಪಾಯ ಶಾಖಮಾಪಕ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಒಂದೊಂದು ಕೊಳವೆಯ ಬುಡಕ್ಕೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ, ಉರಿಯದ ಸಿಲಿಂಡರಿನ ಕೊಳವೆ ಉಳಿದವುಗಳಿಗಿಂತ ಸ್ಪಷ್ಟವಾಗಿ ತಣ್ಣಗಿರುತ್ತದೆ.

ಚೆಕ್ ಎಂಜಿನ್ ದೀಪದ ಬಗ್ಗೆ ಎರಡು ಮಾತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4 ಮಾಲಿನ್ಯ ನಿಯಮದ ವಾಹನಗಳಿಗೆ ಒಬಿಡಿ (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಕೊಡುವ) ವ್ಯವಸ್ಥೆ ಎರಡು ಹಂತಗಳಲ್ಲಿ, 2010ರ ಏಪ್ರಿಲ್‌ನಿಂದ ಮೊದಲನೆಯದು, 2013ರ ಏಪ್ರಿಲ್‌ನಿಂದ ಎರಡನೆಯದು ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಕಾರಿಗೆ ಸ್ಕ್ಯಾನರ್ ಹಾಕಿದರೆ ಏನೂ ಸಿಗದೆ ಹೋಗಬಹುದು. ಸಿಕ್ಕರೆ, ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು, ಪಿ0300 ಅಂದರೆ ಯಾವುದೆಂದು ಖಚಿತವಿಲ್ಲದ ಮಿಸ್ಸಿಂಗ್. ಕೋಡ್ ಹೇಳುವುದು ಸಿಲಿಂಡರನ್ನು ಮಾತ್ರ. ಯಾವ ಸಾಮಾನು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ದೀಪ ಮಿನುಗುತ್ತಿದ್ದರೆ ಕನ್ವರ್ಟರ್ ಸುಡುವ ಮಟ್ಟದ ಮಿಸ್ಸಿಂಗ್ ಇದೆ ಎಂದರ್ಥ. ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ.

ಕಿಡಿ

ಸತ್ತ ಸಿಲಿಂಡರ್ ಸಿಕ್ಕ ಮೇಲೆ ಅಂಗಡಿಗೆ ಹೋಗಬೇಡಿ. ಆ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ತನ್ನಿ. ಮಿಸ್ಸಿಂಗ್ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್ ನಿರಪರಾಧಿ. ಹೀಗೆಯೇ ಉದ್ದ ಸಾಲುವುದಾದರೆ ವೈರ್, ಒಂದೊಂದಕ್ಕೆ ಬೇರೆಬೇರೆ ಕಾಯಿಲ್ ಇದ್ದರೆ ಕಾಯಿಲ್, ಕೊನೆಗೆ ಇಂಜೆಕ್ಟರ್. ಒಂದು ಸಲಕ್ಕೆ ಒಂದನ್ನೇ ಅದಲುಬದಲು ಮಾಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಉತ್ತರ ಸಿಗುವುದಿಲ್ಲ. ವೈರ್ ಅದಲುಬದಲು ಮಾಡುವಾಗ ಡಿಸ್ಟ್ರಿಬ್ಯೂಟರ್ (ಕಿಡಿಯ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುವ ಭಾಗ) ಕಡೆಯ ತುದಿ ಸರಿಯಾದ ಜಾಗಕ್ಕೇ ಹೋಗಬೇಕು. ನಾಲ್ಕು ಸಿಲಿಂಡರಿನ ಸಣ್ಣ ಕಾರುಗಳಲ್ಲಿ ಉರಿಯುವ ಕ್ರಮ ಸಾಮಾನ್ಯವಾಗಿ 1-3-4-2. ಹಿಂದೆ ಕೈಯಾಡಿಸಿದವರು ಎರಡು ವೈರ್ ತಿರುವುಮುರುವು ಮಾಡಿ ಹಾಕಿರುವ ಕಾರುಗಳೂ ಬರುತ್ತವೆ.

ಬಿಚ್ಚಿದ ಪ್ಲಗ್ಗುಗಳನ್ನು ಬಿಳಿ ಬಟ್ಟೆಯ ಮೇಲೆ ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ತುದಿಯ ಪಿಂಗಾಣಿ ತಿಳಿಕಂದು ಅಥವಾ ಬೂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಜಿಡ್ಡಾದ ಕಪ್ಪು ಎಣ್ಣೆ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್. ಸುಣ್ಣದ ಬಿಳುಪಿದ್ದರೆ ಮಿಶ್ರಣ ತೆಳುವಾಗಿ ಅತಿಯಾಗಿ ಕಾಯುತ್ತಿದೆ.

ತುದಿಗಿಂತ ಹೆಚ್ಚಿನ ಕಥೆಯನ್ನು ಕೆಲವೊಮ್ಮೆ ಹೊರಗಿನ ಬಿಳಿ ಪಿಂಗಾಣಿ ಹೇಳುತ್ತದೆ. ಅದನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಮೇಲಿನ ಟರ್ಮಿನಲ್ಲಿನಿಂದ ಲೋಹದ ಕವಚದವರೆಗೆ ಉದ್ದಕ್ಕೆ ಇಳಿದ ತೆಳುವಾದ ಕಪ್ಪು ಗೆರೆ ಕಂಡರೆ, ಕಿಡಿ ಸಿಲಿಂಡರಿನೊಳಗೆ ಹಾರುವ ಬದಲು ಹೊರಗಿನಿಂದಲೇ ಜಾರಿಹೋಗಿದೆ. ಆ ಗೆರೆ ಇಂಗಾಲ. ಒಮ್ಮೆ ಬಿದ್ದರೆ ವಿದ್ಯುತ್ತಿಗೆ ಅದೇ ಸಲೀಸಾದ ದಾರಿ. ಪ್ಲಗ್ ಮಾತ್ರ ಹೊಸದು ಹಾಕಿದರೆ ಸಾಲದು: ರಬ್ಬರ್ ಬೂಟಿನ ಒಳಗೂ ಅದೇ ಜಾಗದಲ್ಲಿ ಗೆರೆ ಇರುತ್ತದೆ, ಅದು ಹೊಸ ಪ್ಲಗ್ಗನ್ನೂ ಕೆಡಿಸುತ್ತದೆ. ವೈರನ್ನೂ ಬದಲಿಸಬೇಕು. ಪ್ಲಗ್ ಕೂರುವ ಬಾವಿಯಲ್ಲಿ ಎಣ್ಣೆ ತುಂಬಿದ್ದರೆ ಮೇಲಿನ ಕವರಿನ ಸೀಲ್ ಸೋರುತ್ತಿದೆ. ಸೀಲ್ ಹಾಕದೆ ವೈರ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಗತಿ.

ಧಾರವಾಡದ ಮಳೆಗಾಲದ ಕಾರುಗಳಿಗೆ ಬೇರೆ ಮಾತು. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಜಿಟಿಜಿಟಿ ಹಿಡಿದರೆ ಬಿಸಿಲು ಕಾಣುವುದೇ ಅಪರೂಪ. ಮನೆಮುಂದೆ ತೆರೆದ ಜಾಗದಲ್ಲಿ ನಿಂತ ಕಾರು ಬೆಳಗ್ಗೆ ಮಿಸ್ಸಿಂಗ್ ಹೊಡೆಯುತ್ತದೆ, ಜುಬಿಲಿ ವೃತ್ತ ತಲುಪುವ ಹೊತ್ತಿಗೆ ಬಿಸಿಯಾಗಿ ಸರಿಹೋಗುತ್ತದೆ. ಗ್ಯಾರೇಜಿಗೆ ಒಯ್ದಾಗ ದೋಷ ಕಾಣುವುದಿಲ್ಲ. ಇದನ್ನು ಹಿಡಿಯಲು ರಾತ್ರಿಯಾಗಬೇಕು. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಲು ಬಿಟ್ಟು, ಇಸ್ತ್ರಿ ಮಾಡುವಾಗ ಬಳಸುವ ನೀರಿನ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಸುತ್ತ, ಕಾಯಿಲ್ ಮೇಲೆ ಮಂಜಿನಂತೆ ನೀರು ಹಾಯಿಸಿ. ಕೈ, ತೋಳು ಫ್ಯಾನ್ ಮತ್ತು ಬೆಲ್ಟಿನಿಂದ ದೂರವಿರಲಿ. ಸೋರುವ ಜಾಗದಲ್ಲಿ ಸಣ್ಣ ನೀಲಿ ಕಿಡಿ ಚಟಚಟನೆ ಹಾರುತ್ತದೆ, ಅದೇ ಕ್ಷಣ ಎಂಜಿನ್ ತಪ್ಪುತ್ತದೆ. ಕಣ್ಣಿಗೆ ಕಂಡ ಮೇಲೆ ವಾದಕ್ಕೆ ಜಾಗವಿಲ್ಲ.

ಮಲ್ಟಿಮೀಟರ್ ಇದ್ದರೆ ವೈರುಗಳ ರೆಸಿಸ್ಟೆನ್ಸ್ ಅಳೆಯಿರಿ. ಕಾರ್ಬನ್ ವೈರುಗಳು ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್‌ನಿಂದ ಹದಿನೈದು ಸಾವಿರದವರೆಗೆ ತೋರಿಸುತ್ತವೆ. ನಾಲ್ಕರಲ್ಲಿ ಒಂದು ಉಳಿದವುಗಳಿಗಿಂತ ಎರಡು-ಮೂರು ಪಟ್ಟು ತೋರಿಸಿದರೆ, ಅಥವಾ ಏನೂ ತೋರಿಸದಿದ್ದರೆ, ಒಳಗೆ ತುಂಡಾಗಿದೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಕೂದಲೆಳೆಯ ಬಿರುಕು, ನಡುವಿನ ಕಾರ್ಬನ್ ತುಂಡು, ರೋಟರಿನ ತುದಿ ನೋಡಿ. ಅಂಬಾಸಿಡರ್, ಪದ್ಮಿನಿಗಳಂಥ ಪಾಯಿಂಟ್ (ಕಾಯಿಲಿನ ವಿದ್ಯುತ್ತನ್ನು ಕಡಿಯುವ ಸ್ವಿಚ್) ಇರುವ ಕಾರುಗಳಲ್ಲಿ ಪಾಯಿಂಟಿನ ಅಂತರ ಮತ್ತು ಕಂಡೆನ್ಸರ್ ಮೊದಲು. ಪ್ಲಗ್ ಗ್ಯಾಪ್ ಫೀಲರ್ ಗೇಜಿನಿಂದಲೇ (ಸಂದು ಅಳೆಯುವ ತೆಳು ಲೋಹದ ಎಲೆಗಳು) ಅಳೆಯಿರಿ: ಹಳೆಯ ಕಾರ್ಬೊರೇಟರ್ ಕಾರುಗಳಲ್ಲಿ 0.7ರಿಂದ 0.8 ಮಿ.ಮೀ., ಹಲವು ಎಂಪಿಎಫ್‌ಐ ಕಾರುಗಳಲ್ಲಿ 1.0ರಿಂದ 1.1 ಮಿ.ಮೀ. ನಿಮ್ಮ ಕಾರಿನ ಕೈಪಿಡಿ ಹೇಳಿದ್ದೇ ಅಂತಿಮ. ಹೊಸ ಪ್ಲಗ್ಗನ್ನು ಕೈಯಿಂದ ಪೂರ್ತಿ ತಿರುಗಿಸಿ ಕೂರಿಸಿದ ಮೇಲೆ, ವಾಷರ್ ಇರುವ ಬಗೆಯಾದರೆ ಪಾನಾದಿಂದ ಅರ್ಧ ಸುತ್ತಿಗಿಂತ ತುಸು ಹೆಚ್ಚು ಸಾಕು. ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಹೋದರೆ ಮಿಸ್ಸಿಂಗಿಗಿಂತ ದೊಡ್ಡ ಖರ್ಚು ಎದುರಾಗುತ್ತದೆ.

ಎಂಜಿನ್ನಿನ ಅರ್ತ್ ಪಟ್ಟಿಯನ್ನೂ ಬಿಡಬೇಡಿ. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟ್ ಸುತ್ತಮುತ್ತ ಇದ್ದರೆ ಸರಿ, ಅರ್ಧ ವೋಲ್ಟ್ ದಾಟಿದರೆ ಪಟ್ಟಿ ಬಿಚ್ಚಿ ತುಕ್ಕು ತಿಕ್ಕಿ ಬಿಗಿಯಿರಿ.

ಕದ್ದು ನುಗ್ಗುವ ಗಾಳಿ

ಥ್ರಾಟಲ್ ದಾಟಿದ ಮೇಲೆ ಎಂಜಿನ್ನಿನೊಳಗೆ ನಿರ್ವಾತ. ಅಲ್ಲಿ ಎಲ್ಲೇ ರಬ್ಬರ್ ಬಿರುಕು ಬಿಟ್ಟರೂ ಲೆಕ್ಕಕ್ಕೆ ಸಿಗದ ಗಾಳಿ ಒಳಬರುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ. ಆ ಸ್ವಲ್ಪದಲ್ಲಿ ಸೋರಿಕೆಯ ಪಾಲು ದೊಡ್ಡದು. ರೇಸ್ ಕೊಟ್ಟಾಗ ಒಳಬರುವ ಗಾಳಿ ಹಲವು ಪಟ್ಟು ಹೆಚ್ಚುವುದರಿಂದ ಸೋರಿಕೆ ಗಣನೆಗೆ ಬಾರದಾಗುತ್ತದೆ. ನಿಂತಾಗ ನಡುಗಿ ಓಡುವಾಗ ಸರಿಹೋಗುವುದು ಇದೇ ಕಾರಣಕ್ಕೆ. ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುವ ಎಂಜಿನ್ ಆದರೆ ನಡುಕಕ್ಕಿಂತ ಹೆಚ್ಚಾಗಿ ಐಡ್ಲಿಂಗ್ ಏರಿ ನಿಲ್ಲುವುದನ್ನು ಕಾಣುತ್ತೀರಿ.

ಬೇಸಿಗೆಯಲ್ಲಿ ಗದಗ, ನವಲಗುಂದದ ಕಡೆಯ ಬಿಸಿಲಿಗೆ ನಿಂತ ಕಾರುಗಳ ವ್ಯಾಕ್ಯೂಮ್ ಪೈಪುಗಳನ್ನು ಬೆರಳಲ್ಲಿ ಬಾಗಿಸಿದರೆ ಸಾಕು, ಒಣಗಿದ ರಬ್ಬರಿನ ಬಿರುಕುಗಳು ಬಾಯಿಬಿಡುತ್ತವೆ. ಹೆಚ್ಚಾಗಿ ತುದಿಯಲ್ಲೇ ಒಡೆಯುವುದರಿಂದ ಪೈಪ್ ಉದ್ದವಿದ್ದರೆ ಒಂದು ಅಂಗುಲ ಕತ್ತರಿಸಿ ಮತ್ತೆ ಹಾಕಬಹುದು. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪ್, ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಇಂಟೇಕಿಗೆ ಕಳಿಸುವ ಪಿಸಿವಿ ವಾಲ್ವಿನ ಪೈಪ್, ಇಂಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಮೂರನ್ನೂ ನೋಡಿ. ಬ್ರೇಕ್ ಒತ್ತಿ ಹಿಡಿದಾಗ ಐಡ್ಲಿಂಗ್ ಕೆಟ್ಟು ಪೆಡಲ್ ಬಳಿ ಸುಯ್ ಎಂಬ ಸದ್ದು ಬಂದರೆ ಬೂಸ್ಟರ್ ಒಳಗೇ ಹರಿದಿದೆ. ಅದು ಎಂಜಿನ್ನಿನ ಮಾತಷ್ಟೇ ಅಲ್ಲ, ಬ್ರೇಕಿನ ಮಾತು, ಮುಂದೂಡಬೇಡಿ.

ಪತ್ತೆಗೆ ಕಾರ್ಬೊರೇಟರ್ ಕ್ಲೀನರ್, ಪೆಟ್ರೋಲ್ ಸಿಂಪಡಿಸುವವರಿದ್ದಾರೆ. ಕಾದ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಪೈಪುಗಳನ್ನು ಒಂದೊಂದಾಗಿ ಮೃದುವಾಗಿ ಹಿಸುಕಿ ನೋಡಿ. ಯಾವುದನ್ನು ಹಿಸುಕಿದಾಗ ಸದ್ದು ಬದಲಾಗುತ್ತದೋ ಅಲ್ಲಿ ಹುಡುಕಿ. ಗ್ಯಾಸ್ಕೆಟ್ ಅಂಚಿಗೆ ಅದೇ ನೀರಿನ ಸ್ಪ್ರೇ ಸಾಕು, ಸೋರುವ ಕಡೆ ನೀರು ಒಳಗೆಳೆದುಕೊಂಡು ಸದ್ದು ಕ್ಷಣ ಬದಲಾಗುತ್ತದೆ.

ವ್ಯಾಕ್ಯೂಮ್ ಗೇಜ್ ಇರುವವರಿಗೆ ಒಂದು ಸೂಚನೆ. ಪುಸ್ತಕಗಳಲ್ಲಿ ಆರೋಗ್ಯವಂತ ಎಂಜಿನ್ನಿಗೆ 17ರಿಂದ 21 ಇಂಚು ಪಾದರಸ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ಹುಬ್ಬಳ್ಳಿ-ಧಾರವಾಡ ಆರೇಳು ನೂರು ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 15ರಿಂದ 19 ಬಂದರೆ ಗಾಬರಿಯಾಗಬೇಕಿಲ್ಲ. ಮುಳ್ಳು ಒಂದೇ ಲಯದಲ್ಲಿ ಪಟಕ್ಕನೆ ಕೆಳಗಿಳಿದು ಮೇಲೇರುತ್ತಿದ್ದರೆ ವಾಲ್ವ್ ದೋಷ. ಸ್ಥಿರವಾಗಿ ಕೆಳಗೇ ನಿಂತರೆ ಗಾಳಿ ಸೋರಿಕೆ, ಕಿಡಿಯ ಟೈಮಿಂಗ್ ಹಿಂದುಳಿದಿರುವುದು ಅಥವಾ ಟೈಮಿಂಗ್ ಬೆಲ್ಟ್ ಹಲ್ಲು ಜಿಗಿದಿರುವುದು.

ಪೆಟ್ರೋಲ್

ಕಾರ್ಬೊರೇಟರ್ ಕಾರಿಗೆ ಒಂದು ಸುಲಭ ಪರೀಕ್ಷೆ ಇದೆ. ಕಾದ ಎಂಜಿನ್ ನಡುಗುತ್ತಿರುವಾಗ ಚೋಕ್ ಸ್ವಲ್ಪ ಎಳೆಯಿರಿ. ಸುಧಾರಿಸಿದರೆ ಮಿಶ್ರಣ ತೆಳುವಾಗಿತ್ತು: ಐಡಲ್ ಜೆಟ್ ಕಟ್ಟಿದೆ ಅಥವಾ ಗಾಳಿ ಸೋರುತ್ತಿದೆ. ಇನ್ನಷ್ಟು ಕೆಟ್ಟರೆ ಪೆಟ್ರೋಲ್ ಹೆಚ್ಚಾಗಿದೆ, ಫ್ಲೋಟ್ ಮತ್ತು ನೀಡಲ್ ನೋಡಿ. ಹಲವು ಕಾರ್ಬೊರೇಟರುಗಳಲ್ಲಿ ಐಡಲ್ ಜೆಟ್ಟಿಗೆ ಸೊಲೆನಾಯ್ಡ್ ಇರುತ್ತದೆ. ಕೀ ತಿರುಗಿಸಿದಾಗ ಅದು ಟಿಕ್ ಎನ್ನಬೇಕು. ಜೆಟ್ಟನ್ನು ಗಾಳಿ ಊದಿ ಸ್ವಚ್ಛ ಮಾಡಿ, ಸೂಜಿ ತಂತಿ ತೂರಿಸಿ ತೂತು ದೊಡ್ಡದು ಮಾಡಬೇಡಿ.

ಇಂಜೆಕ್ಟರ್ ಟಿಕ್‌ಟಿಕ್ ಎನ್ನುತ್ತಿದೆಯೇ ಎಂದು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟು ಕೇಳಿ. ಸಾಮಾನ್ಯ ಇಂಜೆಕ್ಟರಿನ ರೆಸಿಸ್ಟೆನ್ಸ್ 12ರಿಂದ 16 ಓಮ್. ಟಿಕ್ ಸದ್ದೇ ಇಲ್ಲದಿದ್ದರೆ ವೈರ್ ನೋಡಿ. ಕಾಳುಕಡಿ ಇಡುವ ಕೋಣೆಯ ಪಕ್ಕ ಕಾರು ನಿಲ್ಲಿಸುವ ಹಳ್ಳಿಯ ಮನೆಗಳಲ್ಲಿ ಇಲಿಗಳು ಬಾನೆಟ್ಟಿನೊಳಗೆ ಮನೆ ಮಾಡುತ್ತವೆ. ಇಂಜೆಕ್ಟರಿನ ವೈರ್ ಕಡಿದದ್ದಕ್ಕೆ ಹೊಸ ಇಂಜೆಕ್ಟರ್ ಹಾಕಿಸಿಕೊಂಡವರ ಹಣ ವ್ಯರ್ಥವಾದುದನ್ನು ನೋಡಿದ್ದೇನೆ.

ಎಥೆನಾಲ್ ವಿಷಯವನ್ನು ಹಳೆಯ ಕಾರಿನವರು ತಿಳಿದಿರಲೇಬೇಕು. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಿಂದ ಹಂತಹಂತವಾಗಿ ಬಂತು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಟ್ಟು ಗಾಳಿ ಬೇಕು, ಎಥೆನಾಲಿಗೆ 9 ಪಟ್ಟು ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಅದೇ ಪ್ರಮಾಣ ಹರಿದರೂ ಮಿಶ್ರಣ ತೆಳುವಾಗುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಕಾರು ಇದನ್ನು ತಕ್ಕಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ; ಕಾರ್ಬೊರೇಟರಿಗೆ ಆ ಶಕ್ತಿಯಿಲ್ಲ, ಮಿಕ್ಸ್ಚರ್ ಸ್ಕ್ರೂ ಹೊಸದಾಗಿ ಹೊಂದಿಸಬೇಕಾಗಬಹುದು. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕ್ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಕೆಲವು ಗಂಟೆ ನಿಲ್ಲಿಸಿದರೆ ನೀರಿನ ಪದರ ಬೇರೆಯಾಗಿ ಕಾಣುತ್ತದೆ. ಈ ಕೆಲಸ ಬಯಲಿನಲ್ಲೇ ಮಾಡಿ, ಬೀಡಿ-ಸಿಗರೇಟು ಹತ್ತಿರ ಬಾರದಿರಲಿ.

ಒತ್ತಡ

ಅಣ್ಣಿಗೇರಿ ಕಡೆಯ ರೈತರೊಬ್ಬರ ನಾಲ್ಕು ಸಿಲಿಂಡರಿನ ಹಳೆಯ ಕಾರು. ಬೆಳಗ್ಗೆ ಸರಿಯಾಗಿ ಓಡುತ್ತದೆ, ಹುಬ್ಬಳ್ಳಿ ಮುಟ್ಟಿ ಸಿಗ್ನಲ್ಲಿನಲ್ಲಿ ನಿಂತರೆ ನಡುಗುತ್ತದೆ. ಪ್ಲಗ್, ವೈರ್, ಕಾಯಿಲ್ ಹೊಸದು. ಇಂಜೆಕ್ಟರ್ ಸರ್ವಿಸ್ ಆಗಿತ್ತು. ‘ಇನ್ನೇನು ಉಳಿದಿದೆ ಹೇಳಿರಿ, ಅದನ್ನೂ ಹಾಕಿಬಿಡೋಣ’ ಎಂದರು ಅವರು. ಸೈಲೆನ್ಸರಿಗೆ ಹಿಡಿದ ಹಾಳೆ ಲಯವಾಗಿ ಒಳಕ್ಕೆ ಎಳೆಯುತ್ತಿತ್ತು. ಇಂಜೆಕ್ಟರಿನ ಕನೆಕ್ಟರ್ ಒಂದೊಂದಾಗಿ ಬಿಚ್ಚಿ ನೋಡಿದರೆ ತಪ್ಪುತ್ತಿದ್ದದ್ದು ಮೂರನೇ ಸಿಲಿಂಡರ್.

ಒತ್ತಡ ಅಳೆಯುವುದಕ್ಕೂ ಒಂದು ಶಿಸ್ತಿದೆ. ಎಂಜಿನ್ ಕಾದಿರಬೇಕು, ಎಲ್ಲ ಪ್ಲಗ್ ಹೊರಗಿರಬೇಕು, ಪೆಟ್ರೋಲ್ ಪಂಪಿನ ಫ್ಯೂಸ್ ಮತ್ತು ಕಾಯಿಲಿನ ಕನೆಕ್ಟರ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿಯಿರಬೇಕು. ಆಕ್ಸಿಲರೇಟರ್ ಒತ್ತದೆ ಅಳೆದ ಲೆಕ್ಕಕ್ಕೆ ಬೆಲೆಯಿಲ್ಲ. ಆ ಕಾರಿನಲ್ಲಿ ಮೂರು ಸಿಲಿಂಡರುಗಳು ಪ್ರತಿ ಚದರ ಸೆಂ.ಮೀ.ಗೆ 12 ಕೆ.ಜಿ. ಆಸುಪಾಸು ತೋರಿಸಿದವು, ಮೂರನೆಯದು 7 ಕೂಡ ಮುಟ್ಟಲಿಲ್ಲ. ಸಾಮಾನ್ಯವಾಗಿ ಸಿಲಿಂಡರುಗಳ ನಡುವೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರೂ ಏರಲಿಲ್ಲ. ಆಯಿಲ್ ಬಿಟ್ಟಾಗ ಏರಿದ್ದರೆ ರಿಂಗ್ ಸವೆದಿದೆ ಎಂದಾಗುತ್ತಿತ್ತು, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್.

ಮೇಲಿನ ಕವರ್ ತೆಗೆದು ಫೀಲರ್ ಗೇಜ್ ತೂರಿಸಿದರೆ ಆ ಸಿಲಿಂಡರಿನ ಎಗ್ಸಾಸ್ಟ್ ವಾಲ್ವಿಗೆ ಅಂತರವೇ ಇರಲಿಲ್ಲ; ಅತಿ ತೆಳುವಾದ ಎಲೆಯೂ ಹೋಗಲಿಲ್ಲ. ಕಾರು ವರ್ಷಗಟ್ಟಲೆ ಎಲ್‌ಪಿಜಿಯಲ್ಲಿ ಓಡಿತ್ತು. ವಾಲ್ವ್ ಕೂರುವ ಸೀಟು ಸವೆದಂತೆ ವಾಲ್ವ್ ಮೇಲಕ್ಕೇರಿ, ಅದನ್ನು ಒತ್ತುವ ಟ್ಯಾಪೆಟ್ಟಿನ ಅಂತರ ನುಂಗಿಹೋಗುತ್ತದೆ. ಎಂಜಿನ್ ಕಾದು ಲೋಹ ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಬೆಳಗ್ಗೆ ಸರಿ, ಹುಬ್ಬಳ್ಳಿಯಲ್ಲಿ ನಡುಕ ಎಂಬುದಕ್ಕೆ ಉತ್ತರ ಅಲ್ಲಿತ್ತು. ಸದ್ದು ಮಾಡುವ ಟ್ಯಾಪೆಟ್ಟಿಗೆ ಎಲ್ಲರೂ ಹೆದರುತ್ತಾರೆ. ಬಿಗಿಯಾದ ಟ್ಯಾಪೆಟ್ ಸದ್ದೇ ಮಾಡುವುದಿಲ್ಲ, ವಾಲ್ವ್ ಸುಡುವವರೆಗೂ ಗೊತ್ತಾಗುವುದಿಲ್ಲ. ಅಂತರ ಹೊಂದಿಸಿದ ಮೇಲೆ ಒತ್ತಡ ಸ್ವಲ್ಪ ಏರಿತಾದರೂ ಪೂರ್ತಿ ಬರಲಿಲ್ಲ. ಹೆಡ್ ಬಿಚ್ಚಿದಾಗ ವಾಲ್ವಿನ ಅಂಚಿನಲ್ಲಿ ಉಗುರಿನಷ್ಟು ಜಾಗ ಸುಟ್ಟು ಚೂರಾಗಿತ್ತು. ವಾಲ್ವ್ ಬದಲಿಸಿ, ಸೀಟು ಕಡಿಸಿ, ಉಳಿದವನ್ನು ಲ್ಯಾಪಿಂಗ್ (ಸೀಟಿಗೆ ಉಜ್ಜಿ ಕೂರಿಸುವುದು) ಮಾಡಿದ ಮೇಲೆ ಎಂಜಿನ್ ಒಂದೇ ಸಮ ಉಸಿರಾಡಿತು. ಮೊದಲೇ ಒತ್ತಡ ಅಳೆದಿದ್ದರೆ ಕಾಯಿಲಿನ ಹಣ ಉಳಿಯುತ್ತಿತ್ತು. ಎಲ್‌ಪಿಜಿ, ಸಿಎನ್‌ಜಿ ಕಿಟ್ ಇರುವ ಹಳೆಯ ಕಾರಿನವರು ವಾಲ್ವ್ ಅಂತರವನ್ನು ಆಗಾಗ ಅಳೆಸಲೇಬೇಕು.

ಸರಿಯಾಯಿತು ಎಂದು ಹೇಳುವ ಮೊದಲು

ಗ್ಯಾರೇಜಿನ ನೆರಳಿನಲ್ಲಿ ಸದ್ದು ಸಮವಾಯಿತೆಂದು ಕೀ ಕೊಡಬೇಡಿ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ; ಆ ಕಡೆಯ ಏರಿನಲ್ಲಿ, ಹಿಂದೆ ವಾಹನ ಇಲ್ಲದಾಗ, ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ.ನಿಂದ ರೇಸ್ ಕೊಟ್ಟು ನೋಡಿ. ಜಗ್ಗದೆ ಎಳೆದರೆ ಕಿಡಿ ಸರಿಯಿದೆ. ಆಮೇಲೆ ಕಾದ ಎಂಜಿನ್ನಿನಲ್ಲಿ ಎಸಿ, ಹೆಡ್‌ಲೈಟ್ ಎರಡೂ ಹಾಕಿ ಹತ್ತು ನಿಮಿಷ ಬಯಲಿನಲ್ಲಿ ನಿಲ್ಲಿಸಿ. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂದೂ ಬೇಡ, ಕಾರ್ಬನ್ ಮೊನಾಕ್ಸೈಡ್ ವಾಸನೆ ತೋರದೆ ಕೊಲ್ಲುತ್ತದೆ. ಕಾರನ್ನು ರಾತ್ರಿ ಇರಿಸಿಕೊಂಡು ಮರುದಿನ ಬೆಳಗ್ಗೆ ತಣ್ಣಗಿನ ಸ್ಟಾರ್ಟ್ ಕೂಡ ಕೇಳಿ. ಸಾವಿರ ಕಿ.ಮೀ. ಓಡಿದ ಮೇಲೆ ಪ್ಲಗ್ಗುಗಳನ್ನು ಮತ್ತೊಮ್ಮೆ ಬಿಚ್ಚಿ ಸಾಲಾಗಿ ಇಡಿ. ಒಂದರ ಬಣ್ಣ ಉಳಿದವುಗಳಿಗಿಂತ ಬೇರೆ ಕಂಡರೆ, ಕಾರು ಚೆನ್ನಾಗಿ ಓಡುತ್ತಿದ್ದರೂ, ಆ ಸಿಲಿಂಡರಿನ ಒತ್ತಡ ಅಳೆದು ಬರೆದಿಟ್ಟುಕೊಳ್ಳಿ.